ತಾಳೆಯಾಗದ ಸಹಿ

ಫೋನು ಬಂದದ್ದು ಬೆಳಿಗ್ಗೆ ಹತ್ತೂಕಾಲಕ್ಕೆ. ತುಮಕೂರಿನ ಉಪ್ಪಾರಹಳ್ಳಿಯ ತಮ್ಮ ಮನೆಯ ಜಗಲಿಯಲ್ಲಿ ಚನ್ನವೀರಯ್ಯನವರು ಕನ್ನಡಕ ಏರಿಸಿಕೊಂಡು, ಗಾಡಿಯವನು ಕೊಟ್ಟು ಹೋದ ಬದನೆಕಾಯಿಗಳಲ್ಲಿ ಹುಳುಕು ಹುಡುಕುತ್ತಾ ಕೂತಿದ್ದರು.

"ಸರ್, ಇದು ಪುಷ್ಪರೇಖಾ ಮೇಡಂ ಮನೆಯಾ? ನಾನು ಸಿನಿಮಾ ಡೈರೆಕ್ಟರ್ ತೇಜಸ್ವಿನಿ ಅಂತ..."

"ಓಟಿಪಿ ಕೊಡಲ್ಲ" ಎಂದು ಇಟ್ಟುಬಿಟ್ಟರು.

ಎರಡನೇ ಸಲ ಬಂದಾಗ "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಎಂದರು. ಮೂರನೇ ಸಲ "ನಿಮ್ಮ ಆಧಾರ್ ನಂಬರ್ ಮೊದಲು ನೀವು ಹೇಳಿ" ಎಂದರು. ನಾಲ್ಕನೇ ಸಲ ಅವರ ಹೆಂಡತಿ ವನಜಮ್ಮ ಅಡುಗೆಮನೆಯಿಂದ ಬಂದು ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡರು. "ಹ್ಞೂಂ, ನಾನೇ ಪುಷ್ಪರೇಖಾ. ಹೇಳಮ್ಮ" ಎಂದರು. ಮೂವತ್ತೆಂಟು ವರ್ಷದಲ್ಲಿ ಆ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಬದನೆಕಾಯಿ ಕೈಯಲ್ಲಿ ಹಿಡಿದೇ ಚನ್ನವೀರಯ್ಯನವರು ಹೆಂಡತಿಯ ಮುಖ ನೋಡಿದರು.

ಮನುಷ್ಯ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಆದರೆ ಅನುಮಾನ ಅನ್ನೋದು ಅವರಿಗೆ ಹಣೆಯ ವಿಭೂತಿಯಷ್ಟೇ ನಿತ್ಯದ್ದು. ಹಾಲಿನವನು ನಗುತ್ತಾ ಬಂದರೆ ಅವತ್ತು ಹಾಲಿಗೆ ನೀರು ಬಿದ್ದಿದೆ ಎಂದೇ ಲೆಕ್ಕ. ಮಠದ ಪ್ರಸಾದದ ಸಾಲಿನಲ್ಲಿ ಪಕ್ಕದವನು ಜಾಗ ಬಿಟ್ಟುಕೊಟ್ಟರೆ, ಅಲ್ಲಿ ನೆಲ ಒದ್ದೆ ಇರಬೇಕು ಎಂದು ಬಗ್ಗಿ ನೋಡುತ್ತಿದ್ದರು. ಇದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಅಂಟಿದ್ದು. ಮೂವತ್ತೈದು ವರ್ಷ ಅಂಚೆ ಕಚೇರಿಯ ಉಳಿತಾಯ ಖಾತೆಯ ಕೌಂಟರಿನಲ್ಲಿ ಕೂತವರು. ಖಾತೆ ತೆರೆದ ದಿನ ಹಾಕಿಸಿಕೊಂಡ ಸಹಿ ಆಫೀಸಿನಲ್ಲೇ ಇರುತ್ತದೆ, ಅದಕ್ಕೆ ಮಾದರಿ ಸಹಿ ಅಂತ ಹೆಸರು. ಆಮೇಲೆ ಬರುವ ಪ್ರತಿಯೊಂದು ಫಾರಮ್ಮಿನ ಸಹಿಯನ್ನೂ ಅದರ ಪಕ್ಕ ಇಟ್ಟು ತಾಳೆ ನೋಡಬೇಕು. ಕೊಂಬು ಎಲ್ಲಿ ತಿರುಗಿದೆ, ಒತ್ತು ಎಲ್ಲಿ ಬಿದ್ದಿದೆ, ಕೈ ಎಲ್ಲಿ ನಡುಗಿದೆ ಎಂದು ನೋಡಿ ನೋಡಿ ಅವರ ಕಣ್ಣೇ ಹಾಗಾಗಿಹೋಯಿತು. "ಕೌಂಟರಲ್ಲಿ ನಕ್ಕೋನು ಕೆಟ್ಟ" ಎಂಬುದು ಅವರೇ ಕಟ್ಟಿಕೊಂಡ ಗಾದೆ. ಮದುವೆಯ ಫೋಟೋದಿಂದ ಹಿಡಿದು ಪಿಂಚಣಿ ಪುಸ್ತಕದವರೆಗೆ ಯಾವ ಚಿತ್ರದಲ್ಲೂ ಅವರ ಹಲ್ಲು ಯಾರೂ ಕಂಡಿಲ್ಲ.

ಮದುವೆಯೂ ಆ ಕೌಂಟರಿನಿಂದಲೇ ಆದದ್ದು. ಆಗ ಅವರು ಗುಬ್ಬಿಯಲ್ಲಿದ್ದರು. ಪುಷ್ಪರೇಖಾ ಅಂದರೆ ಆಗ ಸಣ್ಣ ಹೆಸರೇನಲ್ಲ. ಮೂವತ್ತೊಂದು ಚಿತ್ರಗಳು, ಮೂವತ್ತೊಂದರಲ್ಲೂ ಅಳು. ಟೆಂಟಿನಲ್ಲಿ ಕೂತ ಹೆಂಗಸರು ಸೆರಗು ಹಿಂಡುವಷ್ಟು ಅತ್ತಿದ್ದರು. ಒಂದು ದಿನ ಆಕೆ ಕಾರಿನಲ್ಲಿ ಬಂದು ಗುಬ್ಬಿಯ ಕೌಂಟರಿನಲ್ಲಿ ಫಾರಂ ಕೊಟ್ಟರು. ಹಿಂದೆ ಅರ್ಧ ಊರು ನಿಂತಿತ್ತು. ಚನ್ನವೀರಯ್ಯನವರು ಫಾರಂ ನೋಡಿದರು, ಮಾದರಿ ಸಹಿ ನೋಡಿದರು, ಫಾರಂ ವಾಪಸ್ ತಳ್ಳಿದರು. "ತಾಳೆ ಆಗ್ತಿಲ್ಲ" ಎಂದರು.

"ರೀ ಸ್ವಾಮಿ, ಯಾರು ಅಂತ ಗೊತ್ತಾ ಅವ್ರು?" ಎಂದು ಸಾಲಿನವರು ಕೂಗಾಡಿದರು.

"ಯಾರೇ ಆಗ್ಲಿ. ಇಲ್ಲಿರೋದು ಸ್ಕೂಲ್ ಹುಡುಗಿ ಸಹಿ. ಇವರು ಹಾಕಿರೋದು ಬಳ್ಳಿ ಬಿಡಿಸಿದ ಹಾಗಿದೆ."

ಅದು ಎಂಟನೇ ಕ್ಲಾಸಿನಲ್ಲಿ ಗುಬ್ಬಿಯ ಹುಡುಗಿ ವನಜ ತೆರೆದ ಖಾತೆ. ಪುಷ್ಪರೇಖಾ ಎರಡು ಸಲ ಬಂದು ವಾಪಸ್ ಹೋದರು. ಮೂರನೇ ಸಲ ನಾಲಿಗೆ ಕಚ್ಚಿಕೊಂಡು, ಬೆಂಚಿನ ಮೇಲೆ ಕೂತು, ಸೊಟ್ಟ ಸೊಟ್ಟ ಅಕ್ಷರದಲ್ಲಿ 'ವನಜ' ಎಂದು ಬರೆದರು. ಅದು ತಾಳೆಯಾಯಿತು. "ಊರೆಲ್ಲಾ ನನ್ನ ಹತ್ರ ಪುಷ್ಪರೇಖಾ ಸಹಿ ಬೇಡೋರು. ವನಜನ ಸಹಿ ಕೇಳಿದ್ದು ಇವರೊಬ್ಬರೇ" ಎಂದು ಆಮೇಲೆ ಆಕೆ ತಮ್ಮ ತಾಯಿಗೆ ಹೇಳಿದರಂತೆ. ಆರು ತಿಂಗಳಲ್ಲಿ ಮಠದಲ್ಲಿ ಮದುವೆ ನಡೆಯಿತು. ಸಿನಿಮಾ ಬಿಡು ಎಂದು ಚನ್ನವೀರಯ್ಯ ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಆಕೆ ತಾವಾಗಿಯೇ ಬಿಟ್ಟರು.

ಮದುವೆಯ ಊಟದ ಪಂಕ್ತಿಯಲ್ಲಿ ಬಾಲ್ಯದ ಗೆಳೆಯ ಕದರಯ್ಯ ಕಿವಿಯಲ್ಲಿ ಒಂದು ಮಾತು ಊದಿದ. "ಏನ್ಲಾ ಚನ್ವೀರ, ಉಸಾರು ಕಣ್ಲಾ. ಅವಳು ಅತ್ರೂ ಆ್ಯಕ್ಟಿಂಗೇ, ನಕ್ರೂ ಆ್ಯಕ್ಟಿಂಗೇ. ನಿಂಗೆ ಗೊತ್ತಾಗದು ಹೆಂಗೆ?" ಅವನು ಹೋಳಿಗೆ ತಿಂದು ಕೈ ತೊಳೆದು ಹೋದ. ಮಾತು ಮಾತ್ರ ಹೋಗಲಿಲ್ಲ.

ಹಾಳಾದ್ದು, ಎಂಥ ಮಾತದು! ಚನ್ನವೀರಯ್ಯನವರ ತಾಯಿ ತೀರಿಕೊಂಡ ದಿನ ವನಜಮ್ಮ ನೆಲಕ್ಕೆ ಕುಸಿದು ಅತ್ತರು. ಆಗಲೂ ಇವರು ಒಂದು ಗಳಿಗೆ ಓರೆಗಣ್ಣಿನಲ್ಲಿ ನೋಡಿದರು, ಇದು ನಿಜವೋ, ಟೆಂಟಿನಲ್ಲಿ ಕಂಡದ್ದೋ ಎಂದು. ಆಮೇಲೆ ನಾಚಿಕೆಯಿಂದ ಸತ್ತುಹೋದರು. ಇವರಿಗೆ ಟೈಫಾಯ್ಡ್ ಬಂದಾಗ ಆಕೆ ಹನ್ನೊಂದು ದಿನ ಕುರ್ಚಿಯಲ್ಲಿ ಕೂತೇ ಕಳೆದರು. "ನಂಗೇನೂ ಸುಸ್ತಿಲ್ಲ ರೀ" ಎನ್ನುತ್ತಿದ್ದರು. ಇದೂ ನಿಜವೋ? "ಈ ಮನೇಲಿ ನಂಗೆ ಯಾವ ಕೊರತೆ ಇದೆ?" ಎಂದು ಹಬ್ಬದ ದಿನ ನೆಂಟರ ಮುಂದೆ ಹೇಳುತ್ತಿದ್ದರು. ಅದು? ಸಿನಿಮಾ ನೋಡಿ ತಾಳೆ ಹಾಕೋಣವೆಂದರೆ ಅಲ್ಲಿ ಕಣ್ಣೀರು ಗ್ಲಿಸರಿನ್ನಿನದು, ದನಿ ಬೇರೆ ಯಾರದೋ. ಹೆಂಡತಿ ಮನೆಯಲ್ಲಿ ಸುಳ್ಳು ಹೇಳಿದರೆ ಮುಖ ಹೇಗಿರುತ್ತದೆ ಎಂಬುದಕ್ಕೆ ಅವರ ಹತ್ತಿರ ಮಾದರಿಯೇ ಇರಲಿಲ್ಲ. ಮಾದರಿಯಿಲ್ಲದೆ ತಾಳೆ ನೋಡುವುದಾದರೂ ಹೇಗೆ? ಮೂವತ್ತೆಂಟು ವರ್ಷ ಈ ಅನುಮಾನವನ್ನು ಯಾರಿಗೂ ಹೇಳದೆ ಇಟ್ಟುಕೊಂಡೇ ಬಾಳಿದರು ಪುಣ್ಯಾತ್ಮರು.

ಈಗ ನೋಡಿ, ಅರವತ್ತೇಳನೇ ವಯಸ್ಸಿನಲ್ಲಿ ಹೆಂಡತಿಗೆ ಮತ್ತೆ ಸಿನಿಮಾ.

ಮಾರನೇ ದಿನ ತೇಜಸ್ವಿನಿ ಮನೆಗೇ ಬಂದಳು. ಮೂವತ್ತರ ಒಳಗಿನ ಹುಡುಗಿ, ಜೀನ್ಸು, ಕಾಲಿಗೆ ಹವಾಯಿ ಚಪ್ಪಲಿ. ಡೈರೆಕ್ಟರ್ ಅಂದವಳ ಕಾಲಲ್ಲಿ ಹವಾಯಿ ಚಪ್ಪಲಿ ಕಂಡಾಗಲೇ ಚನ್ನವೀರಯ್ಯನವರಿಗೆ ಅರ್ಧ ಅನುಮಾನ. ಕತೆ ಕೇಳಿದ ಮೇಲೆ ಪೂರ್ತಿಯಾಯಿತು.

ಚಿತ್ರದ ಹೆಸರು 'ಎದ್ಲಪ್ಪೋ ಅಜ್ಜಿ'. ಹಾಗಲವಾಡಿ ಕಡೆಯ ಒಬ್ಬ ತೆಂಗಿನ ತೋಟದ ಅಜ್ಜಿ ಸಾಯುತ್ತಾಳೆ. ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಮಲಗಿಸದೆ, ವಿಮಾನ ಅನ್ನುವ ಹೂವಿನ ಮಂಟಪದಲ್ಲಿ ಕೂರಿಸಿ, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೊರಡುತ್ತಾರೆ. ರಸ್ತೆಯ ಹಂಪು ಹಾರಿದ ಕೂಡಲೇ ಅಜ್ಜಿ ಕಣ್ಣು ಬಿಟ್ಟು, "ಯಾವನ್ಲಾ ಅವ್ನು ಡ್ರೈವರ್ರು?" ಎಂದು ಕೂಗುತ್ತಾಳೆ. ಅಲ್ಲಿಂದ ಮುಂದೆ ಅಜ್ಜಿಯದೇ ಕಾರುಬಾರು. ಮಿರಿಮಿರಿ ಜರಿ ಸೀರೆ, ಕೂಲಿಂಗ್ ಗ್ಲಾಸು, ತಮಟೆಗೆ ಕುಣಿತ, ಒನಕೆ ಹಿಡಿದು ರೌಡಿಗಳಿಗೆ ಗೂಸಾ, ಕೊನೆಗೆ ಬುಲೆಟ್ ಬೈಕಿನಲ್ಲಿ ಎಂಟ್ರಿ.

"ಅಂದ್ರೆ ಜನ ಇವಳನ್ನ ನೋಡಿ ನಗ್ಬೇಕು" ಎಂದರು ಚನ್ನವೀರಯ್ಯ.

"ಅಮ್ಮನ ಜೊತೆ ನಗ್ಬೇಕು ಸರ್."

"ಬೆಳ್ಳಗಿರೋದೆಲ್ಲ ಹಾಲಲ್ಲ ತಾಯಿ. ಆವತ್ತಿನ ಕಣ್ಣೀರಿನ ರಾಣಿ ಇವತ್ತು ಕೋಡಂಗಿ ಆದ್ಲು ಅಂತ ಮೊಬೈಲಲ್ಲಿ ಹಾಕೋಕೆ ತಾನೆ ಇದು? ಅಲ್ಲ, ಗಂಡ ನಾನು ಗುಂಡುಕಲ್ಲಿನ ಹಾಗೆ ಬದುಕಿದೀನಿ, ನನ್ನ ಕಣ್ಣ ಮುಂದೆ ಅವಳನ್ನ ವಿಮಾನದಲ್ಲಿ ಕೂರಿಸ್ತೀರಾ? ಎಂಥ ಅಪಶಕುನ ಇದು!"

ಕೊನೆಯ ಮಾತು ಹೇಳಿ ಹಣೆಯ ವಿಭೂತಿ ಮುಟ್ಟಿಕೊಂಡರು. ಅದು ಕೋಪವಲ್ಲ, ಹೆದರಿಕೆ. ಉಳಿದದ್ದೆಲ್ಲ ಹೇಗಾದರೂ ಆಗಲಿ, ಆ ಹೂವಿನ ಮಂಟಪದಲ್ಲಿ ವನಜ ಕಣ್ಣು ಮುಚ್ಚಿ ಕೂರುವುದನ್ನು ನೆನೆಯುವುದೂ ಅವರಿಗೆ ಬೇಡವಾಗಿತ್ತು.

ವನಜಮ್ಮ ಕಾಫಿ ತಂದಿಟ್ಟು ಸಾವಧಾನವಾಗಿ ಹೇಳಿದರು. "ಅದಕ್ಕೊಂದು ಪರಿಹಾರ ಇದೆ ರೀ. ನಮ್ಮ ಕಾಲದಿಂದ ನಡ್ಕೊಂಡು ಬಂದಿರೋ ಪದ್ಧತಿ. ಹೆಣದ ಶಾಟ್ ಮುಗಿದ ಮೇಲೆ ಆರ್ಟಿಸ್ಟು ಏಳೋಕ್ಕೆ ಮುಂಚೆ ಕ್ಯಾಮೆರಾ ನೋಡಿ ನಕ್ಕುಬಿಡ್ಬೇಕು. ನಕ್ಕಿದ್ದನ್ನ ಶೂಟ್ ಮಾಡ್ಕೋಬೇಕು, ಆಮೇಲೆ ಕುಂಬಳಕಾಯಿ ಒಡೀಬೇಕು. ಅಲ್ಲಿಗೆ ದೃಷ್ಟಿ, ದೋಷ ಎಲ್ಲ ಹೋಯ್ತು. ಸತ್ತಿದ್ದು ಸುಳ್ಳು ಅಂತ ಸಾಕ್ಷಿ ಉಳೀತು."

"ನಗದೆ ಹೋದ್ರೆ?"

"ನಗದೆ ಯಾರೂ ಎದ್ದಿಲ್ಲ ಬಿಡ್ರಿ." ಆಮೇಲೆ ಆಕೆ ಲೋಟ ಎತ್ತಿಕೊಳ್ಳುತ್ತಾ, ನೆಲ ನೋಡುತ್ತಾ, "ಮೂವತ್ತೊಂದು ಪಿಚ್ಚರ್‌ನಲ್ಲಿ ಊರೆಲ್ಲಾ ಅಳಿಸ್ದೆ. ಒಂದ್ರಲ್ಲಾದ್ರೂ ನಗಿಸ್ಬೇಕು ಅಂತ ಆಸೆ ರೀ ನಂಗೆ" ಎಂದರು. ಇದನ್ನು ಅವರು ಇಷ್ಟು ವರ್ಷ ಹೇಳಿರಲಿಲ್ಲ. ಚನ್ನವೀರಯ್ಯನವರು ಆಗಲಿ ಎಂದರು.

ಆದರೆ ಬಿಡುವ ಆಸಾಮಿಯೇ? ಒಪ್ಪಂದದ ಕಾಗದದಲ್ಲಿ ತಮ್ಮ ಕೈಯಾರೆ ಒಂದು ಷರತ್ತು ಸೇರಿಸಿದರು. 'ಶವದ ದೃಶ್ಯದ ನಂತರ ಕಲಾವಿದೆಯ ನಗುವನ್ನು ತಪ್ಪದೆ ಚಿತ್ರೀಕರಿಸತಕ್ಕದ್ದು.' ತೇಜಸ್ವಿನಿ ಸಹಿ ಹಾಕಿದಳು. "ಇನ್ನೊಂದ್ಸಲ ಹಾಕಮ್ಮ" ಎಂದು ಪಕ್ಕದಲ್ಲೇ ಇನ್ನೊಂದು ಸಹಿ ಹಾಕಿಸಿ, ಎರಡನ್ನೂ ತಾಳೆ ನೋಡಿ, ಮಡಚಿ ಜೇಬಿನಲ್ಲಿಟ್ಟುಕೊಂಡರು.

ಶೂಟಿಂಗು ಹಾಗಲವಾಡಿಯಲ್ಲಿ. ಚನ್ನವೀರಯ್ಯನವರು ಕಪ್ಪು ಕೊಡೆ ಹಿಡಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಂದುಹೋದವರನ್ನೆಲ್ಲ ದಿಟ್ಟಿಸುತ್ತಿದ್ದರು. ಆ ಕೊಡೆಯ ಒಂದು ಮೂಲೆ ಹರಿದಿತ್ತು, ಅದಕ್ಕೆ ಅವರೇ ಬಿಳಿ ದಾರದಲ್ಲಿ ತೇಪೆ ಹಾಕಿದ್ದರು. ಲೈಟಿನವನು ನಕ್ಕರೆ ಯಾಕೆ ನಕ್ಕ? ಮೇಕಪ್ಪಿನವಳು ವನಜಮ್ಮನ ಕಿವಿಯಲ್ಲಿ ಹೇಳಿದ್ದೇನು? ಊಟಕ್ಕೆ ಇವರಿಗೆ ಮಾತ್ರ ಎರಡು ಮುದ್ದೆ ಯಾಕೆ?

ವಿಮಾನ ಕಟ್ಟಲು ಬಂದವನು ಬೆಟ್ಟಸ್ವಾಮಿ. ಸಿನಿಮಾದವನಲ್ಲ, ಸುತ್ತಲ ಹಳ್ಳಿಗಳಲ್ಲಿ ನಿಜವಾದ ಸಾವುಗಳಿಗೆ ಬಾಳೆಕಂದು, ಚೆಂಡುಹೂವು ಕಟ್ಟಿ ವಿಮಾನ ಮಾಡುವುದು, ಹೆಣ ವಾಲದಂತೆ ಕೂರಿಸುವುದು ಅವನ ಕಸುಬು. ವನಜಮ್ಮನನ್ನು ಕೂರಿಸುವಾಗಲೂ ಅವನ ಕೈ ತಾನೇ ತಾನಾಗಿ ಓಡಿತು. ಬೆನ್ನಿಗೆ ಪಟ್ಟಿ ಕಟ್ಟಿದ, ಗಲ್ಲದ ಕೆಳಗೆ ಬಟ್ಟೆ ಕಟ್ಟಿದ, ಹಣೆ ತುಂಬ ವಿಭೂತಿ ಬಳಿದ, ಕೊರಳಿಗೆ ಹಾರ ಹಾಕಿದ. "ನೋಡಿ ಸ್ವಾಮ್ಯೋರೆ, ಎಷ್ಟು ಲಕ್ಷಣವಾಗಿ ಕುಂತವ್ರೆ!" ಎಂದು ಹೆಮ್ಮೆಯಿಂದ ತಿರುಗಿದ.

ಚನ್ನವೀರಯ್ಯ ಒಮ್ಮೆ ನೋಡಿದರು. ಅಷ್ಟೇ. ಶಿವಾ ಶಿವಾ ಎಂದುಕೊಂಡು ಕೊಡೆ ಬಿಚ್ಚಿ, ತಲೆ ತಗ್ಗಿಸಿ, ತೆಂಗಿನ ಮರಗಳ ಕಡೆ ನಡೆದುಬಿಟ್ಟರು. ಹಿಂದೆ ತಮಟೆ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅವರು ಒಂದು ಬದುವಿನ ಮೇಲೆ ಕೂತು ಪಂಚಾಕ್ಷರಿ ಜಪಿಸಿದರು. ಇಪ್ಪತ್ತು ನಿಮಿಷ ಕಳೆದು, ಸದ್ದೆಲ್ಲ ಅಡಗಿದ ಮೇಲೆ ವಾಪಸ್ ಬಂದರು. ವನಜಮ್ಮ ಹಾರ ತೆಗೆದು ಫ್ಲಾಸ್ಕಿನ ಟೀ ಕುಡಿಯುತ್ತಿದ್ದರು. ಕ್ಯಾಮೆರಾ ಆಗಲೇ ಡಬ್ಬದೊಳಗೆ ಹೋಗುತ್ತಿತ್ತು.

"ನಗು ಆಯ್ತಾ?" ಎಂದು ಕೇಳಿದರು.

ವನಜಮ್ಮ ಕಪ್ಪು ಕೆಳಗಿಟ್ಟರು. ಎಡಗೈ ಮೆಲ್ಲಗೆ ಮೇಲೆದ್ದು ಕೆನ್ನೆಗೆ ಹೋಯಿತು. ಹುಬ್ಬು ಎರಡೂ ಹಣೆಗೇರಿದವು, ಕೆಳದುಟಿ ಒಂದು ಕಡೆ ಹಲ್ಲಿಗೆ ಸಿಕ್ಕಿತು. "ಅಯ್ಯಯ್ಯೋ! ಮರ್ತೇಹೋಯ್ತಲ್ಲ ರೀ!" ಎಂದರು.

ಚನ್ನವೀರಯ್ಯನವರು ಕೊಡೆ ಬಿಸಾಕಿದರು. ಷರತ್ತಿನ ಕಾಗದ ತೆಗೆದು ತೇಜಸ್ವಿನಿಯ ಮುಂದೆ ಹಿಡಿದು ಕೂಗಾಡಿದರು. ಅವಳು ವನಜಮ್ಮನ ಕಡೆ ನೋಡಿ, ಇವರ ಕಡೆ ನೋಡಿ, ಯಾಕೋ ಮುಖ ಆಚೆ ತಿರುಗಿಸಿಕೊಂಡಳು. "ತಪ್ಪಾಯ್ತು ಸರ್. ಬೆಳಕು ಹೋಯ್ತು ನೋಡಿ. ಮೂರು ದಿನ ಬಿಟ್ಟು ಕುಣಿಗಲ್ ಕೆರೆ ಏರಿ ಮೇಲೆ ಶೂಟಿಂಗ್ ಇದೆ, ವಿಮಾನಾನೂ ಅಲ್ಲಿಗೆ ಬರುತ್ತೆ. ಅಲ್ಲೇ ತಗೊಳ್ಳೋಣ" ಎಂದಳು. ಈ ಹುಡುಗಿ ಏನೋ ಮುಚ್ಚಿಡ್ತಿದೆ ಎಂದು ಚನ್ನವೀರಯ್ಯನವರಿಗೆ ಖಂಡಿತ ಅನ್ನಿಸಿತು.

ಆ ಮೂರು ದಿನ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ವನಜಮ್ಮ ಒಮ್ಮೆ ಸೀನಿದರೆ ಇವರಿಗೆ ಎದೆ ಧಸಕ್. ಎರಡು ಸಲ ಸೀನಿದ್ದಕ್ಕೆ ಡಾಕ್ಟರ ಹತ್ತಿರ ಹೋಗಿ ಬಂದದ್ದಾಯಿತು. ಆಕೆ ಸ್ಟೂಲು ಹತ್ತುವಂತಿಲ್ಲ, ಗ್ಯಾಸ್ ಹಚ್ಚುವಂತಿಲ್ಲ, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಬೀದಿಯಲ್ಲಿ ಕದರಯ್ಯ ಸಿಕ್ಕಿ, "ಎಲ್ಲಾ ಮೂಢನಂಬಿಕೆ ಬುಡ್ಲಾ. ಸಂಶಯ ಅನ್ನೋದೇ ಪಿಶಾಚಿ" ಎಂದ. "ಆ ಪಿಶಾಚೀನ ನನ್ನ ಮದುವೆ ಊಟದಲ್ಲಿ ಬಡಿಸ್ದೋನು ನೀನೇ ಅಲ್ವೇನೋ?" ಎಂದು ಹಾರಿಬಿದ್ದರು. ಏನು ಅಂತ ಕದರಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ಆ ಮಾತು ಯಾವತ್ತೋ ಮರೆತುಹೋಗಿತ್ತು.

ಎರಡನೇ ದಿನ ಮಧ್ಯಾಹ್ನ ವನಜಮ್ಮ ಊಟ ಮಾಡಿ ಸ್ವಲ್ಪ ಅಡ್ಡಾಗಿದ್ದರು. ಉಸಿರಿನ ಸದ್ದು ಕೇಳಲಿಲ್ಲ. ಚನ್ನವೀರಯ್ಯ ಮೆಲ್ಲಗೆ ಬಗ್ಗಿ ಮೂಗಿನ ಕೆಳಗೆ ಬೆರಳಿಟ್ಟರು.

ಆಕೆ ಒಂದು ಕಣ್ಣು ತೆರೆದು, "ಇದೀನಿ ಬಿಡ್ರಿ" ಎಂದರು.

ಇವರು ಬೆರಳು ತೆಗೆಯಲಿಲ್ಲ. "ನೀನಿಲ್ದಿದ್ರೆ ನಂಗೆ ಆಗಲ್ಲ ಕಣೇ" ಎಂದುಬಿಟ್ಟರು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಬಾಯಿಂದ ಬಂದ ಮಾತು. ವನಜಮ್ಮ ಆ ಕಣ್ಣನ್ನೂ ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಇವರಿಗೆ ಎಂದಿನ ಹಾಗೆ ತಿಳಿಯಲಿಲ್ಲ.

ಕುಣಿಗಲ್ಲಿನಲ್ಲಿ ಮಗಳು ಭೂಮಿಕಾಳ ಮನೆ. ಅವಳು ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ತಿಂಡಿ ತಿಂದು ಗಂಡ ಹೆಂಡತಿ ಬೆಳಿಗ್ಗೆ ಎಂಟಕ್ಕೇ ಕೆರೆ ಏರಿ ಸೇರಿದರು. ಟ್ರ್ಯಾಕ್ಟರ್ ನಿಂತಿತ್ತು, ಬೆಟ್ಟಸ್ವಾಮಿ ಹೊಸ ಹೂವು ಕಟ್ಟಿ ವಿಮಾನ ಸಿದ್ಧ ಮಾಡಿದ್ದ. ವನಜಮ್ಮ ಒಳಗೆ ಕೂತರು. ಕ್ಯಾಮೆರಾ ಓಡಿತು. "ನಗಿ ಅಮ್ಮ" ಎಂದಳು ತೇಜಸ್ವಿನಿ.

"ಬರ್ತಿಲ್ವಲ್ಲಮ್ಮ" ಎಂದರು ವನಜಮ್ಮ. "ಅಳು ಅಂದ್ರೆ ಈಗ್ಲೇ ಒಂದು ಬಿಂದಿಗೆ ಅಳ್ತೀನಿ. ನಗು ಅಂದ್ರೆ ಯಾರಾದ್ರೂ ನಗಿಸ್ಬೇಕು."

ಲೈಟಿನವನು ಮಿಮಿಕ್ರಿ ಮಾಡಿದ. ಬರಲಿಲ್ಲ. ಬೆಟ್ಟಸ್ವಾಮಿ ಒಂದು ಪೋಲಿ ಗಾದೆ ಹೇಳಿ ತಾನೇ ನಾಚಿಕೊಂಡ. ಬರಲಿಲ್ಲ. ಚನ್ನವೀರಯ್ಯನವರಿಗೆ ಜೀವ ಬಾಯಿಗೆ ಬಂತು. ಮುಂದೆ ಬಂದು ನಿಂತು, ತಮಗೆ ಗೊತ್ತಿದ್ದ ಒಂದೇ ಒಂದು ಜೋಕು ಶುರುಮಾಡಿದರು. "ಒಬ್ಬ ಪೋಸ್ಟಾಫೀಸಿಗೆ ಬಂದ. ಕವರ್ ತೂಕ ಜಾಸ್ತಿ ಇದೆ, ಇನ್ನೊಂದು ಸ್ಟಾಂಪ್ ಅಂಟಿಸು ಅಂದೆ. ಅಂಟಿಸಿದ್ರೆ ಇನ್ನೂ ತೂಕ ಜಾಸ್ತಿ ಆಗಲ್ವಾ ಅಂದ. ಅವನು ಹೇಳಿದ್ದೂ ಒಂದು ರೀತಿ ಸರಿಯೇ. ಯಾಕಂದ್ರೆ ಸ್ಟಾಂಪಿಗೂ ತೂಕ ಇರುತ್ತೆ, ಆದ್ರೆ ಇಲಾಖೆ ನಿಯಮದ ಪ್ರಕಾರ..."

ಏರಿಯ ಮೇಲೆ ಒಂದು ನಗುವೂ ಹುಟ್ಟಲಿಲ್ಲ. ಒಂದು ಕೊಕ್ಕರೆ ಹಾರಿಹೋಯಿತು.

ಅವರಿಗೆ ಸಿಟ್ಟು ನೆತ್ತಿಗೇರಿತು. "ಇಳಿ ಕೆಳಗೆ! ನಿಂಗೆ ಹುಡುಗಾಟ. ಅವತ್ತು ನಿನ್ನ ಹೆಂಗೆ ಕೂರಿಸಿದ್ರು, ನನ್ನ ಹೊಟ್ಟೆ ಹೆಂಗೆ ಉರೀತು ಗೊತ್ತಾ ನಿಂಗೆ? ನೋಡು, ತೋರಿಸ್ತೀನಿ ನೋಡು" ಎಂದು ಟ್ರೈಲರ್ ಹತ್ತಿ, ಹೆಂಡತಿಯನ್ನು ಇಳಿಸಿ, ತಾವೇ ವಿಮಾನದೊಳಗೆ ಕೂತು, ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿದರು.

ವಾಲಿದ ಕತ್ತು ಕಂಡರೆ ಬೆಟ್ಟಸ್ವಾಮಿ ಸುಮ್ಮನಿರುತ್ತಾನೆಯೇ? ಮೂವತ್ತು ವರ್ಷದ ಅಭ್ಯಾಸ. ಏನು ಎತ್ತ ಎಂದು ಯೋಚಿಸುವ ಮೊದಲೇ ಅವನು ಒಳಗೆ ನುಗ್ಗಿ ಬೆನ್ನಿಗೆ ಪಟ್ಟಿ ಬಿಗಿದ, ಗಲ್ಲಕ್ಕೆ ಬಟ್ಟೆ ಕಟ್ಟಿದ, ಹಣೆಗೆ ವಿಭೂತಿ ಬಳಿದ, ಹಾರ ಹಾಕಿದ. ಚನ್ನವೀರಯ್ಯ ಕಣ್ಣು ಬಿಟ್ಟು ಗಲ್ಲದ ಬಟ್ಟೆಯ ಸಂದಿನಿಂದ "ಏಯ್ ಏಯ್" ಎಂದು ಕೊಸರಾಡಿದರು. "ಸುಮ್ನೆ ಕುಂತ್ಕಳಿ ಸ್ವಾಮ್ಯೋರೆ, ವಾಲ್ತೀರಿ" ಎಂದು ಅವನು ತಲೆಯ ಮೇಲೆ ಕೈಯಿಟ್ಟು ಅದುಮಿದ.

ಅಷ್ಟೇ, ವನಜಮ್ಮ ನಕ್ಕರು. ಟ್ರ್ಯಾಕ್ಟರಿನ ಚಕ್ರ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಅಯ್ಯೋ ಅಮ್ಮಾ ಸಾಕು ಎನ್ನುತ್ತಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕ್ಯಾಮೆರಾ ಅವರ ಕಡೆ ತಿರುಗಿತು. ಆಮೇಲೆ ಮೆಲ್ಲಗೆ ವಿಮಾನದ ಕಡೆಯೂ ತಿರುಗಿತು.

"ನೀವೂ ಕೂತಿರಿ ಈಗ. ನೀವೂ ನಗ್ಬೇಕು. ನಗದೆ ಏಳೋ ಹಾಗಿಲ್ಲ" ಎಂದರು ವನಜಮ್ಮ.

"ನಂಗೆ ನಗು ಬರಲ್ಲ ಅಂತ ಗೊತ್ತಲ್ಲ ನಿಂಗೆ!"

ಬೆಟ್ಟಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ಹೇಳಿದ. "ಇನ್ನೂರು ಮುನ್ನೂರು ಜನಾನ ಕೂರ್ಸಿದೀನಿ ಸ್ವಾಮ್ಯೋರೆ. ಇಷ್ಟು ಕ್ವಾಟ್ಲೆ ಕೊಟ್ಟೋರು ನೀವೊಬ್ರೇಯ."

ಚನ್ನವೀರಯ್ಯನವರ ಗಂಟಲಲ್ಲಿ, ಹಳೇ ಸ್ಕೂಟರ್ ಕಿಕ್ ಹೊಡೆದ ಹಾಗೆ, ಎರಡು ಸಲ ಏನೋ ಗೊರಗೊರ ಎಂದಿತು. ಮೂರನೇ ಸಲಕ್ಕೆ ನಗು ಹೊತ್ತಿಕೊಂಡಿತು. ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇತ್ತು, ಅದು ಕುಣಿಗಲ್ಲಿನ ಕೆರೆ ಏರಿಗೆಲ್ಲ ಕಾಣಿಸಿತು. ವನಜಮ್ಮ ನಗುವುದನ್ನು ನಿಲ್ಲಿಸಿ ಆ ಮುಖವನ್ನೇ ನೋಡುತ್ತಾ ನಿಂತರು. ಕುಂಬಳಕಾಯಿ ಒಡೆದರು. ದೋಷ ಕಳೆಯಿತು ಎಂದು ಚನ್ನವೀರಯ್ಯನವರು ಅವತ್ತು ಎರಡು ತಟ್ಟೆ ಇಡ್ಲಿ ತಿಂದರು.

ಐದು ತಿಂಗಳಿಗೆ ಚಿತ್ರ ಬಿಡುಗಡೆಯಾಯಿತು. ತುಮಕೂರಿನ ಥಿಯೇಟರಿನಲ್ಲಿ ಬೆಳಗಿನ ಆಟ. ಜನ ಪುಷ್ಪರೇಖಾ ಬುಲೆಟ್ಟಿನಲ್ಲಿ ಬಂದಾಗ ಶಿಳ್ಳೆ ಹೊಡೆದರು, ಒನಕೆ ಬೀಸಿದಾಗ ಎದ್ದು ನಿಂತರು. ಚನ್ನವೀರಯ್ಯ ತೆರೆ ನೋಡಲಿಲ್ಲ, ಜನರನ್ನು ನೋಡಿದರು. ಯಾರು ನಗುತ್ತಿದ್ದಾರೆ, ಯಾರು ಅಪಹಾಸ್ಯ ಮಾಡುತ್ತಿದ್ದಾರೆ ಎಂದು ಒಂದೊಂದೇ ಮುಖ ಪರೀಕ್ಷಿಸಿದರು. ಪಕ್ಕದ ಸೀಟಿನ ಹೆಂಗಸೊಬ್ಬಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅಪಹಾಸ್ಯದ ನಗು ಹಾಗಿರುವುದಿಲ್ಲ. ಆಗ ಸಮಾಧಾನವಾಗಿ ಕಾಲು ಚಾಚಿ ಕೂತರು.

ಆಟ ಮುಗಿದು ಹೆಸರುಗಳು ಬರುವಾಗ ತೆರೆಯ ಒಂದು ಮೂಲೆಯಲ್ಲಿ ಶೂಟಿಂಗಿನ ತುಣುಕುಗಳು ಬಂದವು. ಮೊದಲು ಕುಣಿಗಲ್ ಕೆರೆ ಏರಿ, ಹಾರ ಹಾಕಿಕೊಂಡು ಹಲ್ಲು ಕಿರಿಯುತ್ತಿರುವ ತಾವೇ. ಜನ ಹೋ ಎಂದರು. ಚನ್ನವೀರಯ್ಯ ಕುರ್ಚಿಯಲ್ಲಿ ಕುಗ್ಗಿದರು. ಆಮೇಲೆ ಹಾಗಲವಾಡಿ. ವಿಮಾನದಲ್ಲಿ ವನಜಮ್ಮ, ಗಲ್ಲಕ್ಕೆ ಬಟ್ಟೆ, ಹಣೆ ತುಂಬ ವಿಭೂತಿ. ಆಕೆ ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ಬಾಯಿತುಂಬ ನಕ್ಕರು.

ಚನ್ನವೀರಯ್ಯ ಎದ್ದು ನಿಂತುಬಿಟ್ಟರು.

ವನಜಮ್ಮನ ನಗುವಿನ ಹಿಂದೆ, ದೂರದಲ್ಲಿ, ಒಬ್ಬ ಮನುಷ್ಯ ತಲೆ ತಗ್ಗಿಸಿಕೊಂಡು ತೆಂಗಿನ ಮರಗಳ ನಡುವೆ ಬದುವಿನ ಮೇಲೆ ಕೂತಿದ್ದ. ಕೈಯಲ್ಲಿ ಕಪ್ಪು ಕೊಡೆ. ಕೊಡೆಯ ಮೂಲೆಯಲ್ಲಿ ಬಿಳಿ ದಾರದ ತೇಪೆ.

ಅಂಚೆ ಮುದ್ರೆಯಷ್ಟು ಸ್ಪಷ್ಟ ಸಾಕ್ಷಿ. ನಗು ಅವತ್ತೇ ಆಗಿತ್ತು, ತಾವು ಬದುವಿನ ಮೇಲೆ ಜಪಿಸುತ್ತಾ ಕೂತಿದ್ದಾಗಲೇ. ಲೈಟಿನವನನ್ನು, ಮೇಕಪ್ಪಿನವಳನ್ನು, ಎರಡು ಮುದ್ದೆ ಬಡಿಸಿದವನನ್ನು, ಆ ಡೈರೆಕ್ಟರ್ ಹುಡುಗಿಯನ್ನು, ಎಲ್ಲರನ್ನೂ ಅನುಮಾನಿಸಿದ ಮಹಾನುಭಾವರು ಹೆಂಡತಿಯ 'ಮರ್ತೇಹೋಯ್ತಲ್ಲ' ಎಂಬ ಒಂದು ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದರು.

ಹೊರಗೆ ಬಂದರು. ಗುಂಪು ಕರಗುವವರೆಗೆ ಮೆಟ್ಟಿಲ ಹತ್ತಿರ ಕಂಬಕ್ಕೆ ಒರಗಿ ನಿಂತರು.

"ಸುಳ್ಳು ಹೇಳಿದೆ" ಎಂದರು.

"ಹೇಳ್ದೆ" ಎಂದರು ವನಜಮ್ಮ. "ಊರೆಲ್ಲಾ ನಗಿಸೋಕೆ ಹೊರಟೋಳು, ಮನೇಲಿರೋ ಒಬ್ಬರ ಹಲ್ಲು ನೋಡಿರ್ಲಿಲ್ಲ ಇನ್ನೂ. ಮೂವತ್ತೆಂಟು ವರ್ಷ ಕಾದೆ ರೀ. ಹುಡುಗಿಗೂ ನಾನೇ ಹೇಳ್ಕೊಟ್ಟಿದ್ದು. ನಿಮ್ಮನ್ನ ಹೆದರಿಸಿದ್ದು ತಪ್ಪು. ಬೈಯ್ಯೋದಿದ್ರೆ ಬೈರಿ."

ಚನ್ನವೀರಯ್ಯ ಬೈಯಲಿಲ್ಲ. ಅವರ ಕಣ್ಣ ಮುಂದೆ ಹಾಗಲವಾಡಿಯ ಆ ಮುಖ ಬಂದು ನಿಂತಿತ್ತು. ಕೆನ್ನೆಗೆ ಏರಿದ ಎಡಗೈ, ಹಣೆಗೆ ಹೋದ ಹುಬ್ಬು, ಹಲ್ಲಿಗೆ ಸಿಕ್ಕ ಕೆಳದುಟಿ, ಅಯ್ಯಯ್ಯೋ ಎಂಬ ರಾಗ. ಇದು. ಇದೇ ಆಕೆಯ ಸುಳ್ಳು. ಮೂವತ್ತೆಂಟು ವರ್ಷ ಸಿಗದಿದ್ದ ಮಾದರಿ ಈಗ ಕೈಗೆ ಸಿಕ್ಕಿತ್ತು.

ಕಂಬಕ್ಕೆ ಒರಗಿಕೊಂಡೇ, ಹಳೇ ಕೌಂಟರಿನಲ್ಲಿ ಕೂತ ಹಾಗೆ, ಒಂದೊಂದನ್ನೇ ಅದರ ಪಕ್ಕ ಇಟ್ಟು ನೋಡಿದರು. ಅವ್ವ ತೀರಿಕೊಂಡ ದಿನ ನೆಲದ ಮೇಲೆ ಕೂದಲು ಕೆದರಿಕೊಂಡು, ಮೂಗು ಸೋರಿಸಿಕೊಂಡು ಅತ್ತ ಮುಖದಲ್ಲಿ ಎಡಗೈ ಎಲ್ಲಿತ್ತು? ಅವ್ವನ ಪಾದದ ಮೇಲಿತ್ತು. ತಾಳೆಯಾಗಲಿಲ್ಲ. ಟೈಫಾಯ್ಡಿನ ಹನ್ನೊಂದು ದಿನ, ಕುರ್ಚಿಯಲ್ಲಿ ಕಣ್ಣು ಕೆಂಪಾಗಿ "ಸುಸ್ತಿಲ್ಲ ರೀ" ಎಂದ ಮುಖ. ಹುಬ್ಬು ಏರಿರಲಿಲ್ಲ. ತಾಳೆಯಾಗಲಿಲ್ಲ. "ಈ ಮನೇಲಿ ನಂಗೆ ಯಾವ ಕೊರತೆ ಇದೆ" ಎನ್ನುತ್ತಾ ಹೋಳಿಗೆ ಬಡಿಸಿದ ಮುಖ. ಭೂಮಿಕಾ ಹುಟ್ಟಿದ ದಿನ ಇವರ ಕೈ ಹಿಡಿದುಕೊಂಡ ಮುಖ. ಎಷ್ಟು ತೆಗೆದು ನೋಡಿದರೂ ಒಂದೇ ಒಂದೂ ಆ ಸುಳ್ಳಿನೊಂದಿಗೆ ತಾಳೆಯಾಗಲಿಲ್ಲ.

ಥಿಯೇಟರಿನ ಮೆಟ್ಟಿಲ ಮೇಲೆ, ಹಗಲು ಹನ್ನೆರಡೂವರೆ ಗಂಟೆಯಲ್ಲಿ, ಎಪ್ಪತ್ತೊಂದು ವರ್ಷದ ನಿವೃತ್ತ ಅಂಚೆ ಗುಮಾಸ್ತರು ಗೊಳೋ ಎಂದು ಅತ್ತುಬಿಟ್ಟರು.

ವನಜಮ್ಮ ಗಾಬರಿಯಾದರು. ಆಮೇಲೆ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಇದು, ಕಾಮಿಡಿ ಪಿಚ್ಚರ್ ನೋಡಿ ಅಳ್ತೀರಾ? ನನ್ನ ಮೇಲೆ ಸೇಡು ತೀರಿಸ್ಕೊಳ್ತಿದೀರೇನು? ಇದು ನಿಜವಾದ ಅಳೋ, ಆ್ಯಕ್ಟಿಂಗೋ?"

ಚನ್ನವೀರಯ್ಯನವರು ಕನ್ನಡಕ ತೆಗೆದು ಮುಖವನ್ನು ಆಕೆಯ ಮುಂದೆ ಹಿಡಿದರು.

"ನೀನೇ ತಾಳೆ ನೋಡ್ಕೋ" ಎಂದರು.